ಹಳೇ ಮರದ ಹಾಯಿದೋಣಿ ನೋಡಲು ದಾವಣಗೆರೆಯಿಂದ ಗೋವಾಕ್ಕೆ

ಗೋವಾಕ್ಕೆ ಹೋಗಿ ಹಳೇ ಮರದ ಹಾಯಿದೋಣಿ ನೋಡಬೇಕು, ಕುದುರಿದರೆ ಕೊಳ್ಳಬೇಕು ಅನ್ನುವ ಹುಚ್ಚು ನಿಮಗೂ ಇದ್ದರೆ ಮೇ ತಿಂಗಳಲ್ಲಿ ಹೋಗಿ. ಡಿಸೆಂಬರ್‌ನಲ್ಲಿ ದೋಣಿ ನೀರಿನ ಮೇಲೆ ಚಂದ ಕಾಣುತ್ತದೆ, ಫೋಟೋ ಚಂದ ಬರುತ್ತದೆ, ಗಾಳಿಯೂ ಹಿತ. ಆದರೆ ನೋಡಬೇಕಾದದ್ದೆಲ್ಲ ನೀರಿನ ಒಳಗೇ ಉಳಿಯುತ್ತದೆ. ಮಳೆಗಾಲದ ಪಶ್ಚಿಮ ಕರಾವಳಿ ಇಂಥ ದೋಣಿಗಳಿಗೆ ಆಗಿಬರುವುದಿಲ್ಲ. ಹಾಗಾಗಿ ಜೂನ್ ಬರುವ ಮೊದಲೇ ಕೆಲವನ್ನು ನದಿಯ ಒಳಗಡೆ ಕಟ್ಟಿಹಾಕುತ್ತಾರೆ, ಕೆಲವನ್ನು ದಡಕ್ಕೆ ಎತ್ತಿಸುತ್ತಾರೆ. ದಡಕ್ಕೆ ಬಂದ ಮೇಲೆ, ಹೊಸ ಬಣ್ಣ ಬಳಿಯುವ ಮೊದಲು ಹೋದರೆ ಮಾತ್ರ ದೋಣಿಯ ಹೊಟ್ಟೆ ಕಾಣುತ್ತದೆ.

ನಾವು ಹೋದದ್ದು ನಮ್ಮ ಭಾವನ ದೆಸೆಯಿಂದ. ದಾವಣಗೆರೆಯಲ್ಲಿ ಬಹಳ ವರ್ಷ ಸಾಮಿಲ್ ನಡೆಸಿ, ಈಗ ಮಗನಿಗೆ ಬಿಟ್ಟುಕೊಟ್ಟು ಕೂತಿದ್ದಾರೆ. ಸಮುದ್ರದ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಮರದ ಬಗ್ಗೆ ಗೊತ್ತಿಲ್ಲದ್ದು ಇಲ್ಲ. ಇಂಥ ಪ್ರಯಾಣಕ್ಕೆ ಜೊತೆಗಾರ ಹೀಗೇ ಇರಬೇಕು ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ. ದೋಣಿ ಓಡಿಸಲು ಬರುವವರು ಗೋವಾದಲ್ಲಿ ಸಿಗುತ್ತಾರೆ. ವಾರ್ನಿಷ್‌ಗೆ ಮರುಳಾಗದ ಮನುಷ್ಯನನ್ನು ಊರಿಂದಲೇ ಕರೆದುಕೊಂಡು ಹೋಗಬೇಕು.

ರೈಲು ಬೇಕೆನ್ನುವವರಿಗೆ ಯಶವಂತಪುರ–ವಾಸ್ಕೋ ಎಕ್ಸ್‌ಪ್ರೆಸ್ ದಾವಣಗೆರೆ ಮೇಲೇ ಹೋಗುತ್ತದೆ. ರಾತ್ರಿ ಪ್ರಯಾಣ, ದೂಧಸಾಗರ ಕತ್ತಲಲ್ಲಿ ದಾಟಿಹೋಗುತ್ತದೆ. ಆದರೆ ದೋಣಿ ನೋಡುವವರಿಗೆ ಕಾರೇ ವಾಸಿ. ದೋಣಿ ಎತ್ತಿಟ್ಟು ರಿಪೇರಿ ಮಾಡುವ ಯಾರ್ಡ್‌ಗಳು ನದಿ ದಂಡೆಯಲ್ಲಿ, ಬಸ್ಸು ಇಲ್ಲದ ಕಡೆ ಇರುತ್ತವೆ. ಜೊತೆಗೆ ಸುತ್ತಿಗೆ, ಟಾರ್ಚು, ಹಳೇ ಬಟ್ಟೆ ಎಲ್ಲ ಹೊರಬೇಕು. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಕಾರವಾರ ಹಾದು ಪಣಜಿಗೆ ಸುಮಾರು 400 ಕಿ.ಮೀ. ಹುಬ್ಬಳ್ಳಿ ತನಕ ಹೆದ್ದಾರಿ, ಮಾತಾಡುತ್ತಲೇ ಮುಗಿಯುತ್ತದೆ. ಆಮೇಲೆ ಅರಬೈಲ್ ಘಟ್ಟದಲ್ಲಿ ಲಾರಿಗಳ ಸಾಲು. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಬಿಸಿಲು ಏರುವ ಮೊದಲು ಘಟ್ಟ ಇಳಿಯಬಹುದು. ಹಾವೇರಿಯಲ್ಲಿ ತಿರುಗಿ ಶಿರಸಿ, ದೇವಿಮನೆ ಘಟ್ಟ, ಕುಮಟಾ ಹಾದಿಯೂ ಇದೆ. ಅಲ್ಲಿ ರಸ್ತೆ ಕೆಲಸ ನಡೆದಾಗ ಘಟ್ಟ ಮುಚ್ಚುತ್ತಾರೆ, ವಿಚಾರಿಸಿಕೊಂಡೇ ಹೋಗಿ. ಕುಮಟಾದಿಂದ ಅಂಕೋಲಾಕ್ಕೆ ಬರುವಾಗ ಸಿಗುವುದೇ ಶಿರೂರು, 2024ರ ಜುಲೈನಲ್ಲಿ ಗುಡ್ಡ ಕುಸಿದ ಜಾಗ. ಮಳೆ ಹಿಡಿದ ಮೇಲೆ ಈ ಕಡೆ ಬರಲೇಬೇಡಿ.

ಕಾರವಾರದಲ್ಲಿ ಒಂದು ರಾತ್ರಿ ಉಳಿಯಿರಿ. ಊಟಕ್ಕೆ, ರೂಮಿಗೆ ಗೋವಾದಷ್ಟು ಖರ್ಚಿಲ್ಲ. ಮರದ ಹಡಗಿನ ಹುಚ್ಚು ಇರುವವರಿಗೆ ಈ ಊರಿನ ಬಗ್ಗೆ ಇನ್ನೊಂದು ಸಂಗತಿ ಗೊತ್ತಿರಬೇಕು. ಅಜಂತಾದ ಚಿತ್ರವೊಂದನ್ನು ನೋಡಿ ಕಟ್ಟಿದ, ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ಕೌಂಡಿನ್ಯ ಎಂಬ ಹಾಯಿಹಡಗು 2025ರ ಮೇ 21ರಂದು ಇಲ್ಲೇ ನೌಕಾಪಡೆ ಸೇರಿತು. ಅದೇ ವರ್ಷ ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಮಸ್ಕತ್‌ಗೆ ಹೊರಟಿತು. ಕಟ್ಟಿದ್ದು ಗೋವಾದಲ್ಲಿ, ಕೇರಳದ ಬಡಗಿಗಳು. ನೌಕಾನೆಲೆಯ ಒಳಗೆ ನಮ್ಮನ್ನು ಬಿಡುವುದಿಲ್ಲ, ಆ ಆಸೆ ಇಟ್ಟುಕೊಂಡು ಹೋಗಬೇಡಿ. ಕಡಲ ದಂಡೆಯ ಚಾಪಲ್ ಯುದ್ಧನೌಕೆ ಮ್ಯೂಸಿಯಂ ಮಕ್ಕಳಿದ್ದರೆ ನೋಡಬಹುದು.

ಇನ್ನು ಗೋವಾ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿ. ಈ ನದಿಯ ದಿವಾರ್ ದ್ವೀಪದಲ್ಲಿ ಕಟ್ಟಿದ 56 ಅಡಿಯ ‘ಮ್ಹಾದೆಯಿ’ ಹಾಯಿದೋಣಿಯಲ್ಲೇ ನೌಕಾಪಡೆಯ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಜಗತ್ತು ಸುತ್ತಿ ಬಂದದ್ದು. ಆ ದೋಣಿಯ ಒಳತಿರುಳು ಮರ, ಮೇಲಿನದು ಫೈಬರ್‌ಗ್ಲಾಸ್. ಅದು ಗಟ್ಟಿ ದೋಣಿಯೇ. ಆದರೆ ಹಲಗೆ ಜೋಡಿಸಿ ಕಟ್ಟಿದ ಹಳೇ ಕಾಲದ ದೋಣಿ ಅದಲ್ಲ. ಮಾರುವವರು ‘ಮರದ ದೋಣಿ’ ಅಂದಾಗ ಯಾವ ಬಗೆ ಅಂತ ಫೋನಿನಲ್ಲೇ ಕೇಳಿ. ಫೈಬರ್ ದೋಣಿಯ ಮೇಲೆ ತೇಗದ ಪಟ್ಟಿ ಅಂಟಿಸಿ ಮರದ್ದು ಅನ್ನುವವರೂ ಇದ್ದಾರೆ.

ನಾವು ನೋಡಿದ್ದು 32 ಅಡಿಯ, ಎರಡು ಕೂವೆಮರದ (ಹಾಯಿ ಕಟ್ಟುವ ಕಂಬದ) ದೋಣಿ. ಪಕ್ಕೆಲುಬಿನಂಥ ಬಾಗುಮರಗಳಿಗೆ ತೇಗದ ಹಲಗೆ ಹೊಡೆದು ಕಟ್ಟಿದ್ದು. ಕಂಬಗಳ ಆಸರೆಯಲ್ಲಿ ದಡದ ಮೇಲೆ ನಿಂತಿತ್ತು. ಒಳಗೆ ಇಳಿದರೆ ಎರಡು ಮಂಚ, ಒಂದು ಮೇಜು, ಮೂಲೆಯಲ್ಲಿ ಸಣ್ಣ ಒಲೆ. ಒಲೆಯನ್ನು ಎರಡು ಕಡೆ ಗೂಟಕ್ಕೆ ತೂಗುಹಾಕಿದ್ದಾರೆ. ದೋಣಿ ಎಷ್ಟೇ ವಾಲಿದರೂ ಅದು ನೆಟ್ಟಗೇ ಇರುತ್ತದೆ, ಪಾತ್ರೆ ಚೆಲ್ಲುವುದಿಲ್ಲ. ನಾನು ಅದನ್ನೇ ತೂಗುತ್ತಾ ನಿಂತೆ. ಮಾಲೀಕರು ಹಿರಿಯರು, ಮಾತು ಬಲ್ಲವರು, ಯಾವ ದ್ವೀಪಕ್ಕೆ ಹೋಗಿದ್ದೆವು, ಯಾವ ಬಿರುಗಾಳಿ ಕಂಡೆವು ಅಂತ ಹೇಳುತ್ತಲೇ ಇದ್ದರು. ಭಾವ ಅಷ್ಟರಲ್ಲಿ ಕಾಣೆ.

ಅವರು ದೋಣಿಯ ಅಡಿಗೆ ಹೋಗಿ ಅಂಗಾತ ಮಲಗಿದ್ದರು. ಸುತ್ತಿಗೆಯಿಂದ ಒಂದೊಂದೇ ಹಲಗೆಯನ್ನು ಮೆಲ್ಲಗೆ ತಟ್ಟುತ್ತಾ ಬರುತ್ತಿದ್ದರು. ಗಟ್ಟಿ ಮರ ಟಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಸೀಮೆಸುಣ್ಣದ ಗುರುತು. ಗುರುತು ಹಾಕಿದ ಜಾಗಕ್ಕೆ ಮಾಲೀಕರ ಒಪ್ಪಿಗೆ ಕೇಳಿಯೇ ಸ್ಕ್ರೂಡ್ರೈವರ್ ತುದಿ ಒತ್ತಿದರು. ಕೇಳದೆ ಚುಚ್ಚಬೇಡಿ, ವ್ಯಾಪಾರ ಅಲ್ಲೇ ಮುರಿಯುತ್ತದೆ. ಹಿಂಭಾಗದಲ್ಲಿ, ಚುಕ್ಕಾಣಿಯ ಹತ್ತಿರ, ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳು. ‘ಏನ್ರೀ ಇದು, ಹುಳ ಬಿದ್ದೈತಲ್ರೀ’ ಅಂದರು ಭಾವ. ಅದು ಹಡಗು ಕೊರೆಯುವ ಹುಳ. ಕಪ್ಪೆಚಿಪ್ಪಿನ ಬಳಗದ ಪ್ರಾಣಿ. ಹೊರಗೆ ತೂತು ಕಂಡೂ ಕಾಣದಂತೆ, ಒಳಗೆ ಬೆರಳು ಹೋಗುವಷ್ಟು ಸುರಂಗ. ತಾಮ್ರ ಬೆರೆತ ಬಣ್ಣ ವರ್ಷಕ್ಕೊಮ್ಮೆ ಬಳಿದರೆ ಅದು ಸೇರುವುದಿಲ್ಲ. ಬಣ್ಣ ಕೆರೆದುಹೋದ ಒಂದು ಗೇಣು ಜಾಗ ಇದ್ದರೂ ಸಾಕು, ಅಲ್ಲಿಂದ ಹೊಕ್ಕುತ್ತದೆ.

ಯಾರ್ಡ್‌ನ ಬಡಗಿ ಕಾರವಾರದ ಕಡೆಯವರು, ಕನ್ನಡ ಬರುತ್ತದೆ. ಇಬ್ಬರಿಗೂ ಹೊಂದಿತು. ‘ಸರ್, ಹುಳಕ್ಕಿಂತ ಮಳೆ ನೀರು ನೋಡಿ’ ಅಂದರು. ಇದು ನಮಗೆ ಹೊಸದು. ಉಪ್ಪುನೀರಿನಲ್ಲಿ ಮರ ಅಷ್ಟು ಬೇಗ ಕೊಳೆಯುವುದಿಲ್ಲ. ಮೇಲಿಂದ ಬಿದ್ದ ಮಳೆ ನೀರು ಹಲಗೆ ಸಂದಿನಲ್ಲಿ ಇಳಿದು, ಗಾಳಿ ಆಡದ ಮೂಲೆಯಲ್ಲಿ ನಿಂತರೆ ಬೂಷ್ಟು ಹಿಡಿದು ಮರ ಪುಡಿಯಾಗುತ್ತದೆ. ಕ್ಯಾಬಿನ್ ಗೋಡೆ ಡೆಕ್ಕಿಗೆ ಸೇರುವ ಗೆರೆ, ಕಿಟಕಿಯ ಕೆಳಗೆ, ಕೂವೆಮರದ ಬುಡ, ಕೂವೆಮರವನ್ನು ಬಿಗಿದ ಹಗ್ಗದ ಕಬ್ಬಿಣಪಟ್ಟಿ ಕೂರುವ ಜಾಗ, ಇಷ್ಟನ್ನು ಟಾರ್ಚು ಹಾಕಿ ನೋಡಿ. ದೋಣಿ ಇನ್ನೂ ನೀರಿನಲ್ಲೇ ಇದ್ದರೆ ತಳದಲ್ಲಿ ನಿಂತ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ನೋಡುತ್ತಾರಂತೆ. ಉಪ್ಪಾದರೆ ಕೆಳಗಿನ ಸೋರಿಕೆ. ಸಪ್ಪೆಯಾದರೆ ಮೇಲಿನದು, ಅದೇ ಜಾಸ್ತಿ ತಲೆನೋವು. ಡೀಸೆಲ್ ತೇಲುತ್ತಿದ್ದರೆ ಈ ಸಾಹಸ ಬೇಡ.

ಹಲಗೆಗಳ ನಡುವಿನ ಸಂದಿಗೆ ಹತ್ತಿ ತುಂಬುತ್ತಾರೆ. ಹತ್ತಿ ಅಂದರೆ ದಾವಣಗೆರೆಯವರ ಕಿವಿ ನೆಟ್ಟಗಾಗುತ್ತದೆ ಅಲ್ವಾ! ಹತ್ತಿಯ ಎಳೆಯನ್ನು ಉಳಿಯಂಥ ಮೊಂಡು ಕಬ್ಬಿಣದಿಂದ ಸಂದಿಗೆ ಬಡಿದು, ಮೇಲೆ ಪುಟ್ಟಿ ಮೆತ್ತುತ್ತಾರೆ. ನೀರಿಗೆ ಇಳಿದಾಗ ಹಲಗೆ ಉಬ್ಬಿ ಹತ್ತಿಯನ್ನು ಅದುಮುತ್ತದೆ, ಸಂದು ಮುಚ್ಚುತ್ತದೆ. ದಡದಲ್ಲಿ ಬಹಳ ಕಾಲ ಬಿಸಿಲಿಗೆ ಒಣಗಿದ ದೋಣಿ ನೀರಿಗೆ ಇಳಿದ ಮೊದಲ ದಿನಗಳಲ್ಲಿ ಸೋರಿಯೇ ಸೋರುತ್ತದೆ. ಅದಕ್ಕೆ ಗಾಬರಿ ಬೇಡ, ಪಂಪು ಹಾಕಿ ಕಾಯಬೇಕು. ಗಾಬರಿ ಆಗಬೇಕಾದದ್ದು ಮೊಳೆ, ಬೋಲ್ಟುಗಳ ಬಗ್ಗೆ. ತಾಮ್ರ, ಕಂಚು ಇದ್ದರೆ ಬಾಳಿಕೆ. ಕಬ್ಬಿಣ ಇದ್ದರೆ ಸುತ್ತ ಮರ ಕಪ್ಪಗಾಗಿ ಮೆತ್ತಗಾಗಿರುತ್ತದೆ. ತಳದ ಭಾರದ ದಿಮ್ಮಿಯನ್ನು ಹಿಡಿದ ದೊಡ್ಡ ಬೋಲ್ಟುಗಳಲ್ಲಿ ಒಂದೆರಡನ್ನು ಬಿಚ್ಚಿ ತೋರಿಸಿ ಅಂತ ಕೇಳಿ. ಬಿಚ್ಚುವುದಿಲ್ಲ ಅಂದರೆ ಅದೂ ಒಂದು ಉತ್ತರವೇ.

ದುಡ್ಡಿನ ವಿಚಾರ. ಹಳೇ ಮರದ ದೋಣಿಯ ಬೆಲೆ ಕೇಳಿದರೆ ‘ಇಷ್ಟೇನಾ’ ಅನ್ನಿಸಬಹುದು. ಯಾರೂ ಸುಮ್ನೆ ಕಡಿಮೆಗೆ ಕೊಡುವುದಿಲ್ಲ. ದೋಣಿಯ ಬೆಲೆಯ ಹತ್ತನೇ ಒಂದು ಭಾಗ ವರ್ಷ ವರ್ಷ ಖರ್ಚು ಅನ್ನುವುದು ದೋಣಿಯವರ ಲೆಕ್ಕ. ಹಳೇ ಮರದ್ದಕ್ಕೆ ಆ ಲೆಕ್ಕ ಸಾಲುವುದಿಲ್ಲ. ದೋಣಿ ಕಟ್ಟಿಹಾಕುವ ಜಾಗದ ಬಾಡಿಗೆ, ಕ್ರೇನು, ಬಣ್ಣ, ಕಾಯುವ ಆಳು, ಎಲ್ಲ ಬೇರೆ. ವಿದೇಶಿ ಬಾವುಟದ ದೋಣಿಯಾದರೆ ಕಸ್ಟಮ್ಸ್ ಸುಂಕ ಕಟ್ಟಿದ ಕಾಗದ ಕೈಗೆ ಬರುವ ತನಕ ಮುಂಗಡ ಕೊಡಬೇಡಿ. ನೋಂದಣಿ, ಹಿಂದಿನ ಮಾರಾಟದ ಪತ್ರ, ಸಾಲ ಇಲ್ಲ ಅನ್ನುವ ಪತ್ರ, ಎಲ್ಲದರ ಮೂಲ ಪ್ರತಿ ನೋಡಿ. ಕೊನೆಗೆ ಮಾಲೀಕರಿಗೆ ಸಂಬಂಧವಿಲ್ಲದ ಮರೈನ್ ಸರ್ವೇಯರ್‌ನ, ಅಂದರೆ ದೋಣಿ ತಪಾಸಣೆ ಮಾಡುವ ತಜ್ಞನ ವರದಿ. ವಿಮೆಯವರೂ ಅದನ್ನೇ ಕೇಳುತ್ತಾರೆ.

ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ. ಸೂಳೆಕೆರೆಗೆ ತಂದು ಬಿಡಬಹುದಲ್ಲ? ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಭಾವನೂ ಒಂದು ಸಲ ಹಾಗೇ ಅಂದಿದ್ದರು. ಆಗುವ ಮಾತಲ್ಲ. ಈ ದೋಣಿ ತೇಲಲು ಐದು ಅಡಿ ಆಳ ಬೇಕು, ಹೂಳು ತುಂಬಿದ ಕೆರೆಯ ಅಂಚಿನಲ್ಲಿ ತಳ ಕೂತುಬಿಡುತ್ತದೆ. ಆರೇಳು ಟನ್ ಭಾರ ಎತ್ತಲು ಕ್ರೇನು ಬೇಕು. ಕೂವೆಮರ ಬಿಚ್ಚಿದರೂ ಲಾರಿಯ ಮೇಲೆ ಸೇತುವೆ, ಕರೆಂಟು ತಂತಿಗಳ ಕೆಳಗೆ ಹಾಯಿಸುವುದು ಕಷ್ಟ. ನಮ್ಮ ಬಯಲುಸೀಮೆಯ ಒಣ ಬಿಸಿಲಿಗೆ ನೀರಿನ ಮೇಲಿನ ಹಲಗೆಗಳ ಸಂದು ಬಾಯಿಬಿಡುತ್ತದೆ. ಆಳ ಬೇಕಾದರೆ ಹಿರಿಯೂರಿನ ವಾಣಿವಿಲಾಸ ಸಾಗರ ಇದೆ, ತುಂಬಿದಾಗ 130 ಅಡಿ. ಆದರೆ 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ಇಳಿದ ವರ್ಷ ದೋಣಿ ಎಲ್ಲಿ ಇಡುತ್ತೀರಿ? ಸಿಹಿನೀರಿನಲ್ಲಿ ಹಡಗು ಹುಳ ಬದುಕುವುದಿಲ್ಲ, ಅದೊಂದೇ ಲಾಭ. ಕೆರೆಗೆ ಹಗುರಾದ ಸಣ್ಣ ಹಾಯಿದೋಣಿ ಸರಿ, ಅದಕ್ಕೂ ನೀರಾವರಿ ಇಲಾಖೆಯ ಅನುಮತಿ ಬೇಕು.

ಹೊರಡುವ ಮುಂಚೆ ಭಾವ ಮಾಲೀಕರಿಗೆ ನೇರವಾಗಿ ಹೇಳಿದರು. ಚುಕ್ಕಾಣಿ ಕಡೆಯ ನಾಲ್ಕು ಹಲಗೆ ಬದಲಾಗಬೇಕು, ಎರಡು ಬೋಲ್ಟು ಬಿಚ್ಚಬೇಕು, ಸರ್ವೇ ಖರ್ಚು ನಮ್ಮದು, ಆಮೇಲೆ ಬೆಲೆ. ಅವರು ಅಷ್ಟೇನೂ ಬೇಸರ ಮಾಡಿಕೊಳ್ಳಲಿಲ್ಲ, ಮಳೆಗಾಲ ಮುಗಿಯಲಿ ನೋಡೋಣ ಅಂದರು. ನೀರಿಗೆ ಇಳಿಸುವ ದಿನ ನೀವು ಅಲ್ಲಿರುವಂತೆ ನೋಡಿಕೊಳ್ಳಿ. ಎಂಜಿನ್ ತಣ್ಣಗಿದ್ದಾಗಲೇ ಹೋಗಿ, ನಿಮ್ಮ ಎದುರಿಗೇ ಸ್ಟಾರ್ಟ್ ಮಾಡಿಸಿ. ವಾಪಸ್ ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ಬಾಟಲಿ ಹುಡುಕುತ್ತಾರೆ. ಸುತ್ತಿಗೆ, ಸೀಮೆಸುಣ್ಣ, ಕೆಸರು ಬಟ್ಟೆ ಕಂಡು ಅಲ್ಲಿನವರು ಒಂದಷ್ಟು ಪ್ರಶ್ನೆ ಕೇಳಿದರು. ದೋಣಿ ನೋಡಲು ಹೋಗಿದ್ದೆವು ಅಂದರೆ ನಂಬುವುದಿಲ್ಲ, ಫೋನಿನಲ್ಲಿ ಫೋಟೋ ಇಟ್ಟುಕೊಂಡಿರಿ.