ಮಾರ್ ದೆಲ್ ಪ್ಲಾತಾದ ಹುಡುಗಿ, ವಿಂಬಲ್ಡನ್ನಿನ ನಾಲ್ಕನೇ ಸುತ್ತು

ಜುಲೈ 6, 2025, ಭಾನುವಾರ

ಅರ್ಜೆಂಟೀನಾದ ಸೋಲಾನಾ ಸಿಯೆರಾ ಇವತ್ತು ಸೋತಳು. 6-3, 6-2. ಎದುರಿಗಿದ್ದವರು ಜರ್ಮನಿಯ ಲಾರಾ ಸೀಗೆಮುಂಡ್, ವಯಸ್ಸು 37. ಒಂದೇ ತರಹದ ಚೆಂಡನ್ನು ಎರಡು ಸಲ ಕೊಡುವ ಆಟಗಾರ್ತಿ ಅಲ್ಲ ಅವರು. ಚೆಂಡನ್ನು ಕೆಳಗೆ ಕತ್ತರಿಸಿದ ಹಾಗೆ ಹೊಡೆಯುವ ಒಂದು ಸ್ಲೈಸ್, ನೆಟ್ ದಾಟಿದ ಕೂಡಲೇ ಬೀಳುವ ಒಂದು ಡ್ರಾಪ್ ಶಾಟ್, ಆಮೇಲೆ ಇದ್ದಕ್ಕಿದ್ದ ಹಾಗೆ ನೆಟ್ ಹತ್ತಿರ ಓಡಿ ಬರೋದು. ಪಾಯಿಂಟ್‌ಗಳ ನಡುವೆ ಆತುರವೇ ಇಲ್ಲ. ಮನಶ್ಶಾಸ್ತ್ರ ಓದಿದವರಂತೆ, ಅದೂ ಆಟದಲ್ಲಿ ಕಾಣುತ್ತೆ. ಹಿಂದಿನ ಸುತ್ತಿನಲ್ಲಿ ಮ್ಯಾಡಿಸನ್ ಕೀಸ್‌ರನ್ನೇ ಮನೆಗೆ ಕಳಿಸಿದವರು. ಈ ವರ್ಷದ ಆಸ್ಟ್ರೇಲಿಯನ್ ಓಪನ್ ಗೆದ್ದ ಕೀಸ್‌ಗೇ ದಾರಿ ಸಿಗದಿದ್ದ ಕಡೆ, 21ರ ಹುಡುಗಿಗೆ ಸಿಗಲಿಲ್ಲ ಅಂದ್ರೆ ಬೇಜಾರು ಮಾಡ್ಕೊಳ್ಳೋ ಹಾಗಿಲ್ಲ.

ಆದರೂ ಬೇಜಾರಾಯ್ತು. ಈ ಒಂದು ವಾರ ನಾನು ದೊಡ್ಡ ಹೆಸರುಗಳನ್ನು ಬಿಟ್ಟು ಈ ಹುಡುಗಿಯ ಹಿಂದೆಯೇ ಬಿದ್ದಿದ್ದೆ. ಇಂಥ ಕಥೆ ಟೆನಿಸ್‌ನಲ್ಲಿ ಯಾವಾಗಲೋ ಒಮ್ಮೆ ನಡೆಯೋದು. ಅದಕ್ಕೇ ಇವತ್ತೇ ಬರೆದಿಡ್ತಿದ್ದೀನಿ.

ವಿಂಬಲ್ಡನ್ ಮುಖ್ಯ ಡ್ರಾ, ಅಂದ್ರೆ ಅಸಲಿ ಟೂರ್ನಿ, ಶುರುವಾಗುವ ಮೊದಲು ರೋಹ್ಯಾಂಪ್ಟನ್ನಿನಲ್ಲಿ ಅರ್ಹತಾ ಸುತ್ತುಗಳು ನಡೆಯುತ್ತವೆ. ವಿಂಬಲ್ಡನ್ ಮೈದಾನದಿಂದ ದೂರವೇನಿಲ್ಲ, ಆದರೆ ಅದು ಬೇರೆಯೇ ಲೋಕ. ಅಲ್ಲಿ ಮೂರು ಪಂದ್ಯ ಗೆದ್ದರೆ ಒಳಗೆ. ಸಿಯೆರಾ ಎರಡು ಗೆದ್ದಳು. ಮೂರನೆಯದರಲ್ಲಿ ಆಸ್ಟ್ರೇಲಿಯಾದ ಟಾಲಿಯಾ ಗಿಬ್ಸನ್‌ಗೆ ಸೋತಳು. ಅಲ್ಲಿಗೆ ಅವಳ ವಿಂಬಲ್ಡನ್ ಮುಗಿಯಬೇಕಿತ್ತು.

‘ಸೋತವಳು ಮತ್ತೆ ಹೇಗೆ ಆಡ್ತಾಳೋ?’ ಅಂತ ಅಮ್ಮ ಕೇಳಿದರು. ಟೆನಿಸ್ ನೋಡದವರಿಗೆ ಇದು ನಿಜಕ್ಕೂ ವಿಚಿತ್ರ ಅನ್ನಿಸುತ್ತೆ. ರೈಲಿನ ವೇಟಿಂಗ್ ಲಿಸ್ಟ್ ಇದ್ದ ಹಾಗೆ ಅಮ್ಮ, ಅಂದೆ. ತಕ್ಷಣ ಅರ್ಥವಾಯ್ತು ಅವರಿಗೆ. ಮುಖ್ಯ ಡ್ರಾದಲ್ಲಿ ಇರುವ ಯಾರಾದರೂ ಗಾಯವೋ ಜ್ವರವೋ ಅಂತ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರೆ, ಅರ್ಹತೆಯ ಕೊನೆಯ ಸುತ್ತಿನಲ್ಲಿ ಸೋತವರೊಳಗೆ ಒಬ್ಬರನ್ನು ಕರೀತಾರೆ. ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಕೆಲವರ ಹೆಸರು ತಗೊಂಡು, ಅವರೊಳಗೆ ಚೀಟಿ ಎತ್ತಿ ಸರದಿ ಗೊತ್ತು ಮಾಡ್ತಾರೆ. ಹೀಗೆ ಬಂದವರನ್ನು ಲಕ್ಕಿ ಲೂಸರ್ ಅಂತಾರೆ. ಕಾಯೋದು ಮಾತ್ರ ಸುಲಭ ಅಲ್ಲ. ಬೇರೆಯವರು ಮುಂದಿನ ಟೂರ್ನಿಗೆ ವಿಮಾನ ಹತ್ತಿರ್ತಾರೆ. ಇವರು ಬೂಟು ಕಟ್ಟಿಕೊಂಡು, ಅಭ್ಯಾಸ ಮಾಡ್ಕೊಂಡು, ಬಾರದೇ ಇರಬಹುದಾದ ಕರೆಗೆ ಕಾಯ್ತಾ ಇರಬೇಕು.

ಈ ಸಲ ಹಿಂದೆ ಸರಿದದ್ದು ಬೆಲ್ಜಿಯಂನ ಗ್ರೀಟ್ ಮಿನ್ನೆನ್. ಕರೆ ಬಂದದ್ದು ಸಿಯೆರಾಗೆ.

ಇಲ್ಲಿ ಇನ್ನೊಂದು ಸಂಗತಿ ಇದೆ. ಐದು ವರ್ಷದ ಹಿಂದೆ, 2020ರ ಫ್ರೆಂಚ್ ಓಪನ್‌ನಲ್ಲಿ, ಅರ್ಜೆಂಟೀನಾದ ಇನ್ನೊಬ್ಬ ಹುಡುಗಿ ಅರ್ಹತಾ ಸುತ್ತಿನಿಂದ ಬಂದು ಮೊದಲ ಸುತ್ತಿನಲ್ಲಿ ಸೋಲಿಸಿದ್ದು ಇದೇ ಮಿನ್ನೆನ್‌ರನ್ನು. ಆ ಹುಡುಗಿ ನಾದಿಯಾ ಪೊದೊರೊಸ್ಕಾ. ಅವಳ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲ ಪಂದ್ಯ ಒಲಿವಿಯಾ ಗಡೆಕಿ ಮೇಲೆ. ಮೊದಲ ಸೆಟ್ 6-2, ಎರಡನೆಯದು 6-6 ಆಗಿ ಟೈಬ್ರೇಕ್‌ಗೆ ಹೋಯ್ತು, ಅದನ್ನೂ ಗೆದ್ದಳು. ಎರಡನೇ ಸುತ್ತಿನಲ್ಲಿ ಎದುರಿಗೆ ಬ್ರಿಟನ್ನಿನ ಕೇಟಿ ಬೌಲ್ಟರ್. ಅವರು ಹಿಂದಿನ ಸುತ್ತಿನಲ್ಲಿ ಒಂಬತ್ತನೇ ಶ್ರೇಯಾಂಕದ ಪೌಲಾ ಬಡೋಸಾಗೆ ಸೋಲುಣಿಸಿದ್ದರು. ಊರೆಲ್ಲ ಅವರ ಕಡೆ.

ಈ ಪಂದ್ಯದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲ ಸೆಟ್ ಟೈಬ್ರೇಕ್. ಸಿಯೆರಾ ಅದನ್ನು 7-9ರಲ್ಲಿ ಕಳೆದುಕೊಂಡಳು. ಅಷ್ಟು ಹೊತ್ತು ಹೋರಾಡಿ, ಅಷ್ಟು ಹತ್ತಿರ ಬಂದು ಕೈತಪ್ಪಿದ ಮೇಲೆ, ಹುಲ್ಲಿನ ಮೇಲೆ ಆಡಿ ರೂಢಿಯೇ ಇಲ್ಲದ, ಈ ಮಟ್ಟದಲ್ಲಿ ಹೊಸಬಳಾದ ಆಟಗಾರ್ತಿ ಕುಸಿದು ಬೀಳೋದು ಸಹಜ. ಪ್ರೇಕ್ಷಕರು ಅದಕ್ಕೇ ಕಾಯ್ತಿದ್ದರು. ಅವಳು ಮುಂದಿನ ಎರಡು ಸೆಟ್‌ನಲ್ಲಿ ಬೌಲ್ಟರ್‌ಗೆ ಬಿಟ್ಟುಕೊಟ್ಟದ್ದು ಮೂರೇ ಗೇಮ್. 6-2, 6-1. ಬೌಲ್ಟರ್ ಸರ್ವ್ ಹಳಿ ತಪ್ಪಿ ಡಬಲ್ ಫಾಲ್ಟ್ ಮೇಲೆ ಡಬಲ್ ಫಾಲ್ಟ್ ಮಾಡಿದ್ದು ನಿಜ. ಆದರೆ ಎದುರಾಳಿ ತಡವರಿಸುವಾಗ ತಾನು ತಡವರಿಸದೆ ನಿಲ್ಲೋದು ಚಿಕ್ಕ ವಿಷಯ ಅಲ್ಲ. ಎಷ್ಟೋ ಜನ ಅಲ್ಲೇ ಮುಗ್ಗರಿಸ್ತಾರೆ. ಇವಳ ಫೋರ್‌ಹ್ಯಾಂಡ್ ಆ ಹೊತ್ತಿನಲ್ಲಿ ಇನ್ನಷ್ಟು ಬಿಗಿಯಾಯ್ತು.

ಮೂರನೇ ಸುತ್ತಿನಲ್ಲಿ ಸ್ಪೇನಿನ ಕ್ರಿಸ್ಟೀನಾ ಬುಕ್ಷಾ. 7-5, 1-6, 6-1. ಎರಡನೇ ಸೆಟ್ ಪೂರ್ತಿ ಕೈಬಿಟ್ಟು ಹೋಗಿತ್ತು. ಮೂರನೆಯದರಲ್ಲಿ ಏನೂ ಆಗದವಳ ಹಾಗೆ ಆಡಿದಳು. ಓಪನ್ ಯುಗದಲ್ಲಿ ವಿಂಬಲ್ಡನ್ ಮಹಿಳೆಯರ ಸಿಂಗಲ್ಸ್‌ನ ನಾಲ್ಕನೇ ಸುತ್ತಿಗೆ ಬಂದ ಮೊದಲ ಲಕ್ಕಿ ಲೂಸರ್ ಇವಳೇ. ಅಂದ್ರೆ ವೃತ್ತಿಪರ ಆಟಗಾರರಿಗೂ ಬಾಗಿಲು ತೆರೆದ 1968ರಿಂದ ಈಚೆಗೆ.

ಇದೆಲ್ಲ ಅದೃಷ್ಟ ಅಂತ ಬರೀತಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಮಿನ್ನೆನ್ ಹಿಂದೆ ಸರಿದದ್ದು ಅದೃಷ್ಟ, ಚೀಟಿಯಲ್ಲಿ ಸರದಿ ಬಂದದ್ದು ಅದೃಷ್ಟ. ಆಮೇಲಿನ ಮೂರು ಪಂದ್ಯ ಅವಳದ್ದು. ಅದಕ್ಕಿಂತ ಮುಖ್ಯವಾಗಿ, ಟೂರ್ನಿ ಶುರುವಾದಾಗ ಅವಳ ರ‍್ಯಾಂಕ್ 101. ಗ್ರ್ಯಾಂಡ್ ಸ್ಲಾಮ್ ಡ್ರಾದಲ್ಲಿ 128 ಜಾಗ. ಅದರಲ್ಲಿ ನೂರಾ ನಾಲ್ಕು ಜಾಗ ರ‍್ಯಾಂಕಿಂಗ್ ಮೇಲೆ ನೇರವಾಗಿ ಸಿಗುತ್ತೆ. ಹಾಗಾದ್ರೆ ಇವಳು ಯಾಕೆ ರೋಹ್ಯಾಂಪ್ಟನ್ನಿಗೆ ಹೋಗಬೇಕಿತ್ತು? ಯಾಕಂದ್ರೆ ಪಟ್ಟಿ ಆರು ವಾರ ಮೊದಲೇ ಆಗಿಹೋಗುತ್ತೆ. ಆಗ ಅವಳು ಇನ್ನೂ ಕೆಳಗಿದ್ದಳು. ಆರು ವಾರದಲ್ಲಿ ಮೇಲೆ ಬಂದಳು, ಆದರೆ ಪಟ್ಟಿ ಬದಲಾಗಲ್ಲ. ಅಂದ್ರೆ ಇವಳು ಎಲ್ಲಿಂದಲೋ ಬಂದು ಬಿದ್ದವಳಲ್ಲ. ಬಾಗಿಲ ಹತ್ತಿರವೇ ನಿಂತಿದ್ದವಳು.

2022ರಲ್ಲೇ ಫ್ರೆಂಚ್ ಓಪನ್ ಜೂನಿಯರ್ ಬಾಲಕಿಯರ ಫೈನಲ್ ಆಡಿದ್ದಳು. ಜೆಕ್ ದೇಶದ ಲೂಸಿ ಹಾವ್ಲಿಚ್ಕೋವಾಗೆ 6-3, 6-3ರಲ್ಲಿ ಸೋತಳು. ಜೂನಿಯರ್ ಫೈನಲ್‌ನಿಂದ ಇಲ್ಲಿಗೆ ಮೂರು ವರ್ಷ. ಈ ಮೂರು ವರ್ಷ ಅವಳು ಟಿವಿಯಲ್ಲಿ ಹೆಚ್ಚು ಕಾಣಲಿಲ್ಲ. ಆದರೆ ಅವಳ ಆಟ ಬೆಳೆದದ್ದು ಆ ವರ್ಷಗಳಲ್ಲೇ.

ಅವಳ ಊರು ಮಾರ್ ದೆಲ್ ಪ್ಲಾತಾ. ಬ್ಯೂನಸ್ ಐರಿಸ್‌ನಿಂದ ತೆಂಕಣಕ್ಕೆ ಸುಮಾರು 400 ಕಿಲೋಮೀಟರ್, ಅಟ್ಲಾಂಟಿಕ್ ತೀರದ ಊರು. ಬೇಸಿಗೆ ರಜೆಗೆ ಅರ್ಜೆಂಟೀನಾದ ಜನ ಮುಗಿಬಿದ್ದು ಹೋಗೋದು ಅಲ್ಲಿಗೇ. ಟೆನಿಸ್ ಅಂತ ನೋಡಿದರೆ ಸಣ್ಣ ಊರಲ್ಲ. ಗಿಯೆರ್ಮೊ ವಿಲಾಸ್ ಬೆಳೆದದ್ದು ಅಲ್ಲಿ. 1977ರಲ್ಲಿ ಒಂದೇ ವರ್ಷ 16 ಪ್ರಶಸ್ತಿ ಗೆದ್ದ ಮನುಷ್ಯ, ಅದರಲ್ಲಿ ಫ್ರೆಂಚ್ ಓಪನ್ ಮತ್ತು ಯುಎಸ್ ಓಪನ್ ಎರಡೂ ಇದ್ದವು. ಅರ್ಜೆಂಟೀನಾದಲ್ಲಿ ಎಲ್ಲರೂ ಕೆಂಪು ಮಣ್ಣಿನ ಅಂಗಳದಲ್ಲೇ ಆಟ ಕಲಿಯೋದು, ಅವರಿಗೆ ಹುಲ್ಲು ಒಗ್ಗಲ್ಲ ಅಂತ ಒಂದು ಮಾತಿದೆ. ವಿಲಾಸ್ 1978 ಮತ್ತು 1979ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಹುಲ್ಲಿನ ಮೇಲೆಯೇ. ಅದೇ ದೇಶದ ಗಾಬ್ರಿಯೆಲಾ ಸಬಟೀನಿ 1991ರ ವಿಂಬಲ್ಡನ್ ಫೈನಲ್‌ನಲ್ಲಿ ಸ್ಟೆಫಿ ಗ್ರಾಫ್ ಜೊತೆ ಮೂರನೇ ಸೆಟ್ಟನ್ನು 6-8ರ ತನಕ ಎಳೆದಿದ್ದರು. ಅಲ್ಲಿಯವನೇ ಆದ ದಾವಿದ್ ನಲ್ಬಂದಿಯನ್ 2002ರಲ್ಲಿ ವಿಂಬಲ್ಡನ್ ಫೈನಲ್ ಆಡಿದ. ಆ ಮಾತನ್ನು ಇನ್ನು ಬಿಡಬಹುದು, ಅಲ್ವಾ?

ಇದೇ ಊರಿನ ಒರಾಸಿಯೊ ಸೆಬಾಯೊಸ್ ಹೋದ ತಿಂಗಳು ತನ್ನ 40ನೇ ವಯಸ್ಸಿನಲ್ಲಿ ಸ್ಪೇನಿನ ಗ್ರಾನೊಯೆರ್ಸ್ ಜೊತೆ ಫ್ರೆಂಚ್ ಓಪನ್ ಡಬಲ್ಸ್ ಗೆದ್ದರು. ಡಬಲ್ಸ್ ಅಂದಾಗ ನಮ್ಮ ಕೊಡಗಿನ ರೋಹನ್ ಬೋಪಣ್ಣ ನೆನಪಾಗದೇ ಇರಲ್ಲ. 2024ರ ಆಸ್ಟ್ರೇಲಿಯನ್ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ಅರ್ಜೆಂಟೀನಾದ ಗೊನ್ಸಾಲೆಸ್–ಮೊಲ್ತೇನಿ ಜೋಡಿಯನ್ನು ಸೋಲಿಸಿದ ದಿನವೇ 43ರ ಬೋಪಣ್ಣ ವಿಶ್ವದ ಒಂದನೇ ಸ್ಥಾನ ಖಾತ್ರಿ ಮಾಡಿಕೊಂಡದ್ದು. ಅದೇ ವರ್ಷ ಮೇ ತಿಂಗಳಲ್ಲಿ ಸೆಬಾಯೊಸ್ ಕೂಡ ಒಂದನೇ ಸ್ಥಾನಕ್ಕೆ ಬಂದರು.

ಈಗ ನನ್ನನ್ನು ಈ ವಾರ ಪೂರ್ತಿ ಕಾಡಿದ ವಿಷಯಕ್ಕೆ ಬರ್ತೀನಿ. ಅರ್ಜೆಂಟೀನಾದ ಗಂಡು ಹುಡುಗರಿಗೆ ಮೇಲೇರೋ ಏಣಿ ಮನೆ ಹತ್ತಿರವೇ ಇದೆ. ಫೆಬ್ರವರಿ ಬಂದ್ರೆ ಬ್ಯೂನಸ್ ಐರಿಸ್, ರಿಯೊ, ಸ್ಯಾಂಟಿಯಾಗೊ ಅಂತ ಸಾಲಾಗಿ ಎಟಿಪಿ, ಅಂದ್ರೆ ಗಂಡಸರ ದೊಡ್ಡ ಮಟ್ಟದ ಟೂರ್ನಿಗಳು. ಎಲ್ಲ ಮಣ್ಣಿನ ಮೇಲೆ. ಅದರ ಕೆಳಗೆ ಚಾಲೆಂಜರ್ ಅನ್ನೋ ಎರಡನೇ ಮಟ್ಟದ ಟೂರ್ನಿಗಳು. ತಮ್ಮ ಖಂಡದಲ್ಲೇ ಪಾಯಿಂಟ್ ಕೂಡಿಸ್ಕೊಂಡು ಯುರೋಪಿಗೆ ಹೋಗಬಹುದು. ಹುಡುಗಿಯರಿಗೆ ಹಾಗಿಲ್ಲ. ಬ್ಯೂನಸ್ ಐರಿಸ್‌ನಲ್ಲಿ ಮಹಿಳೆಯರ ಮುಖ್ಯ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಡಬ್ಲ್ಯುಟಿಎ 125 ಮಟ್ಟದ ಟೂರ್ನಿ ಬಂದದ್ದೇ 2021ರಲ್ಲಿ. ಹೆಚ್ಚಿನ ದೊಡ್ಡ ಟೂರ್ನಿ ಆಡಬೇಕಂದ್ರೆ ಹನ್ನೆರಡು ಗಂಟೆಗೂ ಜಾಸ್ತಿ ವಿಮಾನದಲ್ಲಿ ಕೂತು ಯುರೋಪಿಗೆ ಹೋಗಬೇಕು. ಹೋದಮೇಲೆ ಮೊದಲ ಸುತ್ತಿನಲ್ಲಿ ಸೋತರೆ ಮನೆಗೆ ಬರೋಕಾಗಲ್ಲ, ಅಲ್ಲೇ ಎಲ್ಲೋ ಉಳಿದು ಮುಂದಿನ ವಾರಕ್ಕೆ ಕಾಯಬೇಕು. ಅದೇ ಕ್ಲಬ್, ಅದೇ ಮಣ್ಣು, ಅದೇ ಕೋಚಿಂಗ್ ಪರಂಪರೆ. ಆದರೆ ಒಂದೇ ದೇಶದಲ್ಲಿ ಗಂಡು ಮಕ್ಕಳು ನೂರರೊಳಗೆ ಗುಂಪಾಗಿ ಇರ್ತಾರೆ, ಹೆಣ್ಣು ಮಕ್ಕಳನ್ನು ಒಂದು ಕೈಬೆರಳಲ್ಲಿ ಎಣಿಸಬೇಕು. ಪ್ರತಿಭೆ ಇಷ್ಟು ಹೆಚ್ಚು-ಕಡಿಮೆ ಇರೋಕೆ ಸಾಧ್ಯವೇ ಇಲ್ಲ.

ಈ ಕೆಳಗಿನ ಮಟ್ಟ ಹೇಗಿರುತ್ತೆ ಅಂತ ಬೆಂಗಳೂರಿನವರು ಕಣ್ಣಾರೆ ನೋಡಬಹುದು. ಕಬ್ಬನ್ ಪಾರ್ಕ್‌ನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಅಂಗಳದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ (ಐಟಿಎಫ್) ಮಹಿಳೆಯರ ಟೂರ್ನಿಗಳು ಆಗ್ತಿರ್ತವೆ. ಇನ್ನೂರು, ಮುನ್ನೂರನೇ ರ‍್ಯಾಂಕಿನ ಆಟಗಾರ್ತಿಯರು. ಅವರ ಫೋರ್‌ಹ್ಯಾಂಡ್ ಹತ್ತಿರದಿಂದ ಕೇಳಿದರೆ ಎದೆ ಝಲ್ ಅನ್ನುತ್ತೆ. ನೋಡೋಕೆ ಜನ ಮಾತ್ರ ಬೆರಳೆಣಿಕೆ. ತಾವೇ ಬ್ಯಾಗು ಹೊತ್ತು, ತಾವೇ ಬಾಟಲಿಗೆ ನೀರು ತುಂಬಿಸ್ಕೊಂಡು ಬರ್ತಾರೆ. ಕೋಚ್ ಜೊತೆಗಿರೋದು ಎಲ್ಲರಿಗೂ ಆಗೋ ಮಾತಲ್ಲ. ಐಟಿಎಫ್‌ನ ಕಡೇ ಮೆಟ್ಟಿಲಲ್ಲಿ ಇಡೀ ಟೂರ್ನಿಯ ಬಹುಮಾನ 15,000 ಡಾಲರ್. ಅದನ್ನೇ ಸಿಂಗಲ್ಸ್, ಡಬಲ್ಸ್ ಎಲ್ಲರಿಗೂ ಹಂಚಬೇಕು. ವಿಂಬಲ್ಡನ್‌ನಲ್ಲಿ ಈ ವರ್ಷ ಮೊದಲ ಸುತ್ತಿನಲ್ಲಿ ಸೋತವರಿಗೇ 66,000 ಪೌಂಡ್. ನಾಲ್ಕನೇ ಸುತ್ತಿಗೆ ಬಂದವರಿಗೆ 2,40,000 ಪೌಂಡ್. ಸಿಯೆರಾ ಈ ವಾರ ಗೆದ್ದ ದುಡ್ಡನ್ನು ನಾನು ಐಷಾರಾಮ ಅಂತ ನೋಡಲ್ಲ. ಒಬ್ಬ ಕೋಚ್, ಒಬ್ಬ ಫಿಸಿಯೊ, ಬೆನ್ನು ನೋಯದ ಹಾಸಿಗೆ, ಸೋತ ಮೇಲೂ ಟಿಕೆಟ್ ಖರ್ಚಿನ ಲೆಕ್ಕ ಹಾಕದೆ ಮುಂದಿನ ಊರಿಗೆ ಹೋಗುವ ಧೈರ್ಯ, ಅದಷ್ಟೂ ಆ ದುಡ್ಡಿನಲ್ಲಿದೆ.

ಪೊದೊರೊಸ್ಕಾಳ ವಿಷಯ ಹೇಳ್ತೀನಿ ಅಂದಿದ್ದೆ. ರೊಸಾರಿಯೊ ಊರಿನವಳು, ಹುಟ್ಟಿದ್ದು 1997ರಲ್ಲಿ. 2016ರಲ್ಲಿ ಒಮ್ಮೆ ಯುಎಸ್ ಓಪನ್ ಆಡಿದ್ದಳು. ಆಮೇಲೆ ಗಾಯ, ಸಣ್ಣ ಟೂರ್ನಿಗಳು. ಯುರೋಪಿನ ಟೂರ್ನಿಗಳಿಗೆ ಹತ್ತಿರ ಇರಲಿ ಅಂತ ಸ್ಪೇನಿನ ಅಲಿಕಾಂತೆಯಲ್ಲಿ ನೆಲೆಸಿದಳು. 2019ರಲ್ಲಿ ಲಿಮಾದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಚಿನ್ನ. 2020ರಲ್ಲಿ ಕೊರೊನಾದಿಂದ ಫ್ರೆಂಚ್ ಓಪನ್ ಶರತ್ಕಾಲಕ್ಕೆ ಹೋಯ್ತಲ್ಲ, ಆ ಚಳಿಯಲ್ಲಿ 131ನೇ ರ‍್ಯಾಂಕಿನ ಇವಳು ಅರ್ಹತಾ ಸುತ್ತಿನಿಂದ ಶುರು ಮಾಡಿ ಸೆಮಿಫೈನಲ್ ತನಕ ಹೋದಳು. ಕ್ವಾರ್ಟರ್‌ಫೈನಲ್‌ನಲ್ಲಿ ಮೂರನೇ ಶ್ರೇಯಾಂಕದ ಉಕ್ರೇನಿನ ಸ್ವಿಟೊಲಿನಾಳನ್ನು 6-2, 6-4ರಲ್ಲಿ ಸೋಲಿಸಿದಳು. ಸೆಮಿಫೈನಲ್‌ನಲ್ಲಿ ಆಗಿನ್ನೂ 19ರ ಇಗಾ ಶ್ವಿಯಾಂಟೆಕ್ ಎದುರು ಸೋತಳು. ಓಪನ್ ಯುಗದಲ್ಲಿ ಅರ್ಹತಾ ಸುತ್ತಿನಿಂದ ಬಂದು ಫ್ರೆಂಚ್ ಓಪನ್ ಸೆಮಿಫೈನಲ್ ಆಡಿದ ಮೊದಲ ಮಹಿಳೆ ಅವಳು. ಮುಂದಿನ ವರ್ಷ ರೋಮ್‌ನಲ್ಲಿ ಸೆರೆನಾ ವಿಲಿಯಮ್ಸ್‌ರನ್ನು ಸೋಲಿಸಿದಳು, ಅದು ಸೆರೆನಾರ ವೃತ್ತಿಜೀವನದ 1000ನೇ ಪಂದ್ಯ. ರ‍್ಯಾಂಕ್ 36ಕ್ಕೆ ಬಂತು. ಆಮೇಲೆ ಮತ್ತೆ ಗಾಯಗಳು.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, ಸಿಯೆರಾ ಮುಂದೆ ದೊಡ್ಡ ಚಾಂಪಿಯನ್ ಆಗ್ತಾಳೆ ಅಂತ ಇವತ್ತೇ ಬರೆಯೋಕೆ ನನಗೆ ಮನಸ್ಸಿಲ್ಲ. ಆ ಭಾರ ಅವಳ ಮೇಲೆ ಬೇಡ. ಜೂನ್ 17ಕ್ಕೆ ಅವಳಿಗೆ 21 ತುಂಬಿದೆ ಅಷ್ಟೆ. ಸ್ಲೈಸ್ ಹಾಕಿ ತಿರುಗಿಸುವ ಆಟಗಾರ್ತಿಯರ ಮುಂದೆ ಏನು ಮಾಡಬೇಕು ಅನ್ನೋದು ಇನ್ನೂ ಕಲಿಯಬೇಕು, ಇವತ್ತಿನ ಪಂದ್ಯ ಅದನ್ನು ತೋರಿಸ್ತು. ಎರಡನೇ ಸರ್ವ್ ಇನ್ನೂ ಗಟ್ಟಿಯಾಗಬೇಕು ಅಂತ ನನಗನ್ನಿಸುತ್ತೆ. ಕಲಿಯೋಕೆ ಅವಳಿಗೆ ವಾರಗಳು ಬೇಕು, ದೊಡ್ಡ ಟೂರ್ನಿಗಳಲ್ಲಿ ಆಡಿದ ವಾರಗಳು.

ಅದು ಇನ್ನು ಸಿಗುತ್ತೆ. ನಾಲ್ಕನೇ ಸುತ್ತಿಗೆ ಬಂದದ್ದಕ್ಕೆ 240 ರ‍್ಯಾಂಕಿಂಗ್ ಪಾಯಿಂಟ್. ಹೊಸ ರ‍್ಯಾಂಕಿಂಗ್ ವಿಂಬಲ್ಡನ್ ಮುಗಿದ ಮೇಲೆ, 14ನೇ ತಾರೀಖು ಬರುತ್ತೆ. ನೂರರೊಳಗೆ ಬರೋದು ಖಾತ್ರಿ. ಆಗಸ್ಟ್ ಕೊನೆಗೆ ಯುಎಸ್ ಓಪನ್. ಅಲ್ಲಿ ಈ ಸಲ ಅರ್ಹತಾ ಸುತ್ತೂ ಬೇಡ, ಚೀಟಿಯೂ ಬೇಡ. ಹೆಸರು ಪಟ್ಟಿಯಲ್ಲೇ ಇರುತ್ತೆ. ಪಟ್ಟಿ ಬಂದ ದಿನ ಮೊದಲು ಅವಳ ಹೆಸರನ್ನೇ ಹುಡುಕ್ತೀನಿ.