ಕಲೆ ಪಾಲಿಶಿನಲ್ಲಿದೆಯೋ, ಕಟ್ಟಿಗೆಯಲ್ಲಿದೆಯೋ?

ಬಳ್ಳಾರಿಯ ಬೇಸಿಗೆಯಲ್ಲಿ ಮನೆಯ ಮೇಜು, ಸ್ಟೂಲುಗಳ ಮೇಲೆ ಕುಡಿಯುವ ನೀರಿನ ಗಡಿಗೆ ಬಂದು ಕೂರುತ್ತದೆ. ಗಡಿಗೆಯ ಮೈಯಿಂದ ನೀರು ಒಸರಿ ಆವಿಯಾಗುವುದರಿಂದಲೇ ಒಳಗಿನ ನೀರು ತಣ್ಣಗಿರುತ್ತದೆ. ಆದರೆ ಒಸರಿದ ನೀರಿನಲ್ಲಿ ಒಂದಿಷ್ಟು ಆರದೆ ಬುಡದಲ್ಲೇ ನಿಲ್ಲುವುದರಿಂದ, ಮಳೆಗಾಲದ ಹೊತ್ತಿಗೆ ಗಡಿಗೆ ಎತ್ತಿದಾಗ ಸಾಗವಾನಿ ಮೇಜಿನ ಮೇಲೆ ದುಂಡನೆಯ ಕಲೆ ಕಾಣಿಸುತ್ತದೆ. ಅದನ್ನು ಕಂಡ ಕೂಡಲೇ ಬಡಿಗೇರರನ್ನು ಕರೆಸಿ ಇಡೀ ಮೇಜನ್ನು ಉಜ್ಜಿಸಿ ಹೊಸದಾಗಿ ಪಾಲಿಶ್ ಮಾಡಿಸುವವರಿದ್ದಾರೆ. ಕಲೆ ಬೆಳ್ಳಗಿದ್ದರೆ ಅಷ್ಟು ಖರ್ಚು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಬಿಳಿ ಕಲೆ ಎಂದರೆ ತೇವವು ಪಾಲಿಶಿನ ಪದರದಲ್ಲೇ ಸಿಲುಕಿಕೊಂಡಿದೆ, ಕಟ್ಟಿಗೆಯನ್ನು ಇನ್ನೂ ಮುಟ್ಟಿಲ್ಲ ಎಂದರ್ಥ. ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಹಚ್ಚಿದ ಹಳೆಯ ಪಾಲಿಶಿಗೆ ಈ ತೊಂದರೆ ಹೆಚ್ಚು. ಮೊದಲು ಕಲೆಯ ಮೇಲೆ ಉಗುರಾಡಿಸಿ ನೋಡಬೇಕು. ಒರಟಾಗಿ ತಾಗಿದರೆ ಅದು ಬೋರಿನ ಗಡಸು ನೀರು ಬಿಟ್ಟುಹೋದ ಸುಣ್ಣದಂಶವಾಗಿರಬಹುದು. ನಾಲ್ಕು ಹನಿ ನಿಂಬೆರಸ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ತಕ್ಷಣ ಒಣಬಟ್ಟೆಯಿಂದ ಒರೆಸಿದರೆ ಸಾಕು.

ನುಣುಪಾಗಿಯೇ ಇದ್ದರೆ ಬಿಸಿ ತಾಗಿಸಿ ತೇವವನ್ನು ಹೊರಗೆ ತರಬೇಕು. ಹಳೆಯ ಹತ್ತಿ ಧೋತರದ ತುಂಡನ್ನು ಎರಡು ಮಡಿಕೆ ಮಾಡಿ ಕಲೆಯ ಮೇಲೆ ಹಾಸಿ, ನೀರಿಲ್ಲದ ಇಸ್ತ್ರಿ ಪೆಟ್ಟಿಗೆಯನ್ನು ಅತಿ ಕಡಿಮೆ ಬಿಸಿಯಲ್ಲಿಟ್ಟು, ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಕಡೆ ನಿಲ್ಲಿಸದೆ ಆಡಿಸಿ, ಪ್ರತಿ ಸಲವೂ ಬಟ್ಟೆ ಎತ್ತಿ ನೋಡಬೇಕು. ಬಿಳಿ ಬಳೆ ಅಂಚಿನಿಂದ ತುಂಡಾಗುತ್ತಾ ಬಂದು, ನಡುನಡುವೆ ಕಟ್ಟಿಗೆಯ ಕಂದು ಬಣ್ಣ ಮರಳುವುದು ಕಾಣುತ್ತದೆ. ಇಲ್ಲಿ ಅವಸರ ಸಲ್ಲದು. ಅರಗು ಸುಮಾರು 75 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಕರಗತೊಡಗುವುದರಿಂದ, ಇಸ್ತ್ರಿ ಹೆಚ್ಚು ಕಾದರೆ ಬಟ್ಟೆಯ ಎಳೆಗಳ ಗುರುತೇ ಪಾಲಿಶಿನ ಮೇಲೆ ಮೂಡುತ್ತದೆ. ಇಷ್ಟಾದರೂ ಮಸುಕು ಉಳಿದರೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒರೆಸಬಹುದು. ಹಲ್ಲಿನ ಪೇಸ್ಟಿನಿಂದ ಉಜ್ಜುವ ಸಲಹೆಯನ್ನು ಮಾತ್ರ ನಾನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅದು ಕಲೆಯ ಜೊತೆಗೆ ಹೊಳಪನ್ನೂ ಸವೆಸುತ್ತದೆ.

ಕಪ್ಪು ಕಲೆಯ ವಿಷಯವೇ ಬೇರೆ. ನೀರು ಪಾಲಿಶನ್ನು ದಾಟಿ ಕಟ್ಟಿಗೆಗೆ ಇಳಿದಾಗ, ಕಟ್ಟಿಗೆಯಲ್ಲಿನ ಟ್ಯಾನಿನ್ ಎಂಬ ಒಗರು ಅಂಶವು ಕಬ್ಬಿಣದೊಡನೆ ಸೇರಿ ಶಾಯಿಯಂಥ ಕಪ್ಪಾಗುತ್ತದೆ. ಗಡಿಗೆಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿಡುವ ಮನೆಗಳಲ್ಲಿ ಸ್ಟ್ಯಾಂಡಿನ ಕಾಲುಗಳ ಗುರುತೇ ಹೀಗೆ ಕಪ್ಪಾಗಿ ಉಳಿದಿರುತ್ತದೆ. ಇದಕ್ಕೆ ಇಸ್ತ್ರಿಯೂ ಎಣ್ಣೆಯೂ ನಾಟುವುದಿಲ್ಲ. ಪಾಲಿಶ್ ತೆಗೆದು, ಬಿಸಿನೀರಿನಲ್ಲಿ ಕರಗಿಸಿದ ಆಕ್ಸಾಲಿಕ್ ಆಮ್ಲವನ್ನು ಕಲೆಯ ಮೇಲಷ್ಟೇ ಅಲ್ಲದೆ ಇಡೀ ಹಲಗೆಗೆ ಹಚ್ಚಬೇಕು. ಇಲ್ಲವಾದರೆ ಅಷ್ಟು ಜಾಗ ಮಾತ್ರ ಬೆಳ್ಳಗಾಗುತ್ತದೆ. ಈ ಆಮ್ಲ ವಿಷ. ಕೈಗವಸು ಬೇಕು, ಪ್ಲಾಸ್ಟಿಕ್ ಪಾತ್ರೆಯೇ ಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಆಮೇಲೆ ಹಲವು ಸಲ ನೀರಿನಿಂದ ಒರೆಸಿ ಪೂರ್ತಿ ಒಣಗಿಸಬೇಕು. ಆಮ್ಲ ಉಳಿದ ಕಟ್ಟಿಗೆಯನ್ನು ಉಜ್ಜಿದರೆ ಏಳುವ ಧೂಳು ಮೂಗು, ಗಂಟಲನ್ನು ಉರಿಸುತ್ತದೆ. ಈ ಕೆಲಸವನ್ನು ಅನುಭವಿ ಬಡಿಗೇರರಿಗೆ ಒಪ್ಪಿಸುವುದೇ ಲೇಸು.

ಕೊನೆಗೆ ಹೊಳಪಿಗಾಗಿ ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುವುದರಿಂದ ಬಟ್ಟೆಯ ಮುದ್ದೆಗೆ ಬೆಂಕಿ ಹತ್ತಿಕೊಳ್ಳಬಲ್ಲದು. ನಮ್ಮೂರಿನ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಆ ಅಪಾಯ ಇನ್ನೂ ಹೆಚ್ಚು. ಬಟ್ಟೆಯನ್ನು ನೀರಿನಲ್ಲಿ ನೆನೆಸಿಡಬೇಕು, ಇಲ್ಲವೇ ಹೊರಗೆ ನೆರಳಿನಲ್ಲಿ ಬಿಡಿಸಿ ಹರವಬೇಕು.