ತಿಜೋರಿಯೊಳಗಿನ ತೇವ

ಬಂದೂಕಿನ ತಿಜೋರಿ ತೆಗೆದ ತಕ್ಷಣ ಮುಗ್ಗಲು ವಾಸನೆ. ಚರ್ಮದ ಚೀಲದ ಮೇಲೆಲ್ಲ ಬೂದು ಬೂಷ್ಟು. ಒಳಗೆ ನಳಿಗೆಯ ಮೇಲೆ ನನ್ನದೇ ಹೆಬ್ಬೆರಳ ಗುರುತು, ಗೆರೆ ಗೆರೆಯಾಗಿ ಕೆಂಪು ತುಕ್ಕು. ತುಂಬಾ ಬೇಜಾರಾಯ್ತು. ಬೆವರಿನ ಉಪ್ಪು ಅಂಟಿದ್ದರೆ ಸಾಕು, ಉಳಿದ ಕೆಲಸ ತೇವ ಮಾಡಿಬಿಡುತ್ತದೆ. ಚೀಲದ ಚರ್ಮವೂ ಅದರೊಳಗಿನ ಸ್ಪಂಜೂ ಪಸೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಚೀಲಕ್ಕೆ ಇನ್ನು ತಿಜೋರಿಯೊಳಗೆ ಜಾಗವಿಲ್ಲ.

ತೇವ ಹೀರಲೆಂದು ಒಳಗಿಟ್ಟಿದ್ದ ಸಿಲಿಕಾ ಜೆಲ್ ಮಣಿಗಳು ಕಿತ್ತಳೆಯಿಂದ ಹಸಿರಿಗೆ ತಿರುಗಿದ್ದವು. ಅಂದರೆ ಇನ್ನು ನೀರು ಹೀರುವುದಿಲ್ಲ. ಓವನ್‌ನಲ್ಲಿ ಸುಮಾರು 120 ಡಿಗ್ರಿಗೆ ಒಣಗಿಸಿದೆ, ನಿಧಾನಕ್ಕೆ ಮತ್ತೆ ಕಿತ್ತಳೆಯಾದವು. ಒಳಗಿನ ತೇವಾಂಶ ಶೇ. 50ರ ಆಸುಪಾಸು ಇದ್ದರೆ ನೆಮ್ಮದಿ.

ಬೀಗ ಹಾಕಿದ್ದೇನಲ್ಲ ಅಂತ ತಿಂಗಳುಗಟ್ಟಲೆ ತಿರುಗಿ ನೋಡಿರಲಿಲ್ಲ. ಎಷ್ಟೋ ವಿಷಯಗಳಲ್ಲಿ ಹೀಗೇ ಮಾಡುತ್ತೇವೆ ಅಲ್ವಾ? ಈಗ ಎಣ್ಣೆ ಬಟ್ಟೆ ಹಿಡಿದು ಕೂತಿದ್ದೇನೆ.